ಅಮ್ಮಂದಿರ ದಿನದ ಹೂವು ಯಾಕೆ ಮುದುಡುತ್ತೆ?

ಮೇ ತಿಂಗಳ ಎರಡನೇ ಭಾನುವಾರ ಬಂತು ಅಂದರೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪನ ಗೊಣಗಾಟ ಶುರು: "ಇದೆಲ್ಲ ಕಾರ್ಡ್ ಮಾರುವವರು ಹುಟ್ಟಿಸಿದ್ದು." ಗೊಣಗೋದಕ್ಕೆ ಕಾರಣ ಇದೆ, ಆದರೆ ನಡೆದದ್ದು ಹಾಗಲ್ಲ.

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಆ್ಯನ್ ಜಾರ್ವಿಸ್ ಎಂಬ ತಾಯಿ ಇದ್ದರು. ಹೆತ್ತ ಮಕ್ಕಳಲ್ಲಿ ದೊಡ್ಡವರಾಗಿದ್ದು ನಾಲ್ಕೇ ಮಂದಿ. ರೋಗಾಣುಗಳ ವಿಷಯ ಜನಕ್ಕೆ ಗೊತ್ತೇ ಇಲ್ಲದ 1858ರಲ್ಲಿ ಅವರು ಊರೂರ ಹೆಂಗಸರನ್ನು ಸೇರಿಸಿ ಹಾಲು, ನೀರು, ಚರಂಡಿಯ ಶುಚಿ ನೋಡಿಕೊಳ್ಳುವ ಸಂಘ ಕಟ್ಟಿದರು. ಅವರು ತೀರಿಕೊಂಡದ್ದು 1905ರಲ್ಲಿ. ಮೂರು ವರ್ಷದ ನಂತರ, 1908ರ ಮೇ 10ರಂದು, ಗ್ರಾಫ್ಟನ್ ಊರಿನ ಚರ್ಚಿನಲ್ಲಿ ತಾಯಂದಿರ ನೆನಪಿನ ಪ್ರಾರ್ಥನೆ ನಡೆಯಿತು. ಮಗಳು ಆ್ಯನಾ ಅಲ್ಲಿಗೆ 500 ಬಿಳಿ ಕಾರ್ನೇಷನ್ ಹೂ ಕಳಿಸಿದರು. ಅದು ಅಮ್ಮನಿಗೆ ಇಷ್ಟದ ಹೂವು. ಆ್ಯನಾ ಇನ್ನೊಂದು ಕಾರಣವನ್ನೂ ಹೇಳುತ್ತಿದ್ದರು: ಕಾರ್ನೇಷನ್ ಸಾಯುವಾಗ ಎಸಳು ಉದುರಿಸುವುದಿಲ್ಲ, ಎದೆಗೆ ಅವಚಿಕೊಳ್ಳುತ್ತದೆ, ತಾಯಿ ಮಕ್ಕಳನ್ನು ಅವಚಿಕೊಂಡ ಹಾಗೆ.

ನೋಡಿದ್ದು ನಿಜ. ಆದರೆ ಹೂವು ಯಾಕೆ ಹಾಗೆ ಮಾಡುತ್ತೆ?

ಮಜಾ ಏನು ಗೊತ್ತಾ? ಅದರ ಸುಳಿವು ಅಚ್ಚಾಗಿದ್ದೂ ಅದೇ 1908ರಲ್ಲಿ. ಶಿಕಾಗೋ ಸುತ್ತಮುತ್ತಲಿನ ಗಾಜಿನ ಮನೆಗಳಲ್ಲಿ ಕಾರ್ನೇಷನ್ ಮೊಗ್ಗು ಅರಳುತ್ತಿರಲಿಲ್ಲ, ಅರಳಿದ್ದು ಮುದುಡಿಕೊಳ್ಳುತ್ತಿತ್ತು. ಕ್ರೋಕರ್ ಮತ್ತು ನೈಟ್ ಎಂಬ ಸಸ್ಯ ವಿಜ್ಞಾನಿಗಳು ಹುಡುಕಿದರು. ದೀಪ ಉರಿಸುವ ಗ್ಯಾಸಿನ ಪೈಪು ಸೋರುತ್ತಿತ್ತು, ಆ ಗ್ಯಾಸಿನಲ್ಲಿ ಬೆರೆತಿದ್ದ ಎಥಿಲೀನ್ ಎಂಬ ಅನಿಲ ಹೂವನ್ನು ಕೆಡಿಸುತ್ತಿತ್ತು. ಹತ್ತು ಲಕ್ಷ ಪಾಲು ಗಾಳಿಗೆ ಒಂದು ಪಾಲೂ ಬೇಡ, ಅದಕ್ಕಿಂತ ಕಡಿಮೆ ಸಾಕು.

ಹೂವು ಈ ಎಥಿಲೀನನ್ನು ತಾನೇ ತಯಾರಿಸುತ್ತದೆ ಅನ್ನೋದು ಗೊತ್ತಾಗಿದ್ದು ಆಮೇಲೆ. ವಯಸ್ಸಾದ ಕಾರ್ನೇಷನ್ನಿನ ನಡುವಿನ, ಬೀಜ ಕಟ್ಟುವ ಭಾಗ ಮೊದಲು ಚೂರು ಎಥಿಲೀನ್ ಬಿಡುತ್ತದೆ. ಅದು ತಾಗಿದ ಎಸಳು ತಾನೂ ಎಥಿಲೀನ್ ಮಾಡಲು ಶುರು ಮಾಡುತ್ತದೆ. ಹುಲ್ಲಿನಲ್ಲಿ ಹುದುಗಿಸಿಟ್ಟ ಮಾವಿನಲ್ಲಿ ಒಂದು ಹಣ್ಣಾದರೆ ಪಕ್ಕದ್ದೂ ಹಣ್ಣಾಗುತ್ತಲ್ಲ, ಹಾಗೆ. ಅಥವಾ ರಾತ್ರಿ ಬಸ್ಸಿನಲ್ಲಿ ಒಬ್ಬರು ಆಕಳಿಸಿದರೆ ಹಿಂದಿನ ಸೀಟಿನ ತನಕ ಎಲ್ಲರಿಗೂ ಆಕಳಿಕೆ ಬರುತ್ತಲ್ಲ, ಹಾಗೆ. ಒಂದೇ ದಿನದಲ್ಲಿ ಎಸಳಿನ ಜೀವಕೋಶಗಳು ನೀರು ಕಳೆದುಕೊಂಡು ಅಂಚು ಒಳಕ್ಕೆ ಸುರುಳಿಯಾಗುತ್ತದೆ. ಆ್ಯನಾ ಕಂಡ ಅಪ್ಪುಗೆ ಇದೇ.

1914ರಲ್ಲಿ ಅಧ್ಯಕ್ಷ ವಿಲ್ಸನ್ ಈ ದಿನಕ್ಕೆ ಸರ್ಕಾರದ ಮುದ್ರೆ ಒತ್ತಿದರು. ವ್ಯಾಪಾರಿಗಳು ಸುಮ್ನೆ ಕೂರ್ತಾರಾ? ಮೇ ಬಂದರೆ ಬಿಳಿ ಕಾರ್ನೇಷನ್ ಬೆಲೆ ಏರುತ್ತಿತ್ತು, ಹೂವು ಸಾಲುತ್ತಿರಲಿಲ್ಲ. ಆಗ ಹೂವಿನವರು ಬಿಳಿ ತೀರಿಕೊಂಡ ಅಮ್ಮನಿಗೆ, ಕೆಂಪು ಬದುಕಿರುವ ಅಮ್ಮನಿಗೆ ಅಂತ ಹೊಸ ಪದ್ಧತಿ ಹಬ್ಬಿಸಿದರು. ಆ್ಯನಾ ಕೆಂಡವಾದರು. 1925ರಲ್ಲಿ ಫಿಲಡೆಲ್ಫಿಯಾದಲ್ಲಿ ಸೈನಿಕರ ತಾಯಂದಿರ ಸಂಘವೊಂದು ಚಂದಾ ಎತ್ತಲು ಕಾರ್ನೇಷನ್ ಮಾರುತ್ತಿದ್ದಾಗ ಅಲ್ಲಿಗೇ ನುಗ್ಗಿ ಗಲಾಟೆ ಮಾಡಿ ಪೊಲೀಸರ ಕೈಗೆ ಸಿಕ್ಕರು. ತಾವೇ ಶುರು ಮಾಡಿದ ದಿನವನ್ನು ನಿಲ್ಲಿಸಲು ಓಡಾಡಿ 1948ರಲ್ಲಿ ತೀರಿಕೊಂಡರು.

1978ರಲ್ಲಿ ಬೆಳ್ಳಿಯ ದ್ರಾವಣವೊಂದು ಬಂತು. ಕೊಯ್ದ ಹೂವಿನ ಕಾಂಡವನ್ನು ಅದರಲ್ಲಿ ಅದ್ದಿಟ್ಟರೆ ಎಥಿಲೀನ್ ಬಂದು ಕೂರುವ ಜಾಗವನ್ನು ಬೆಳ್ಳಿ ಕೆಡಿಸಿಬಿಡುತ್ತದೆ. ಬೆಲ್ ಒತ್ತಿದರೂ ಮನೆಯೊಳಗೆ ಸದ್ದಾಗದ ಹಾಗೆ. ಹೀಗೆ ಅದ್ದಿದ ಕಾರ್ನೇಷನ್ ಅಂಗಡಿಯ ಬಕೆಟ್ಟಿನಲ್ಲಿ ಜಾಸ್ತಿ ದಿನ ಅರಳಿಕೊಂಡೇ ಇರುತ್ತದೆ. ಕೊನೆಗೆ ಎಸಳು ಒಳಕ್ಕೆ ಸುರುಳಿಯಾಗುವುದಿಲ್ಲ. ಅಂಚಿನಿಂದ ಕಂದುಬಣ್ಣಕ್ಕೆ ತಿರುಗಿ, ಬಿಚ್ಚಿಕೊಂಡಲ್ಲೇ ಒಣಗುತ್ತದೆ.