ಮುಸ್ತಾಶ್: ಡ್ರಮ್ಮರ್ ಮತ್ತು ನಟ (ಕೇಳುತ್ತಾ ಓದಬೇಕಾದ ಟಿಪ್ಪಣಿ)

ಮುಸ್ತಾಶ್ ಫ್ರಾನ್ಸಿನ ಜಾಝ್ ಡ್ರಮ್ಮರ್, ಸಿನಿಮಾ ನಟ. ಮೊದಲು ಹೆಸರಿನ ಗೋಜಲು. ಹುಟ್ಟುಹೆಸರು ಫ್ರಾಂಸ್ವಾ-ಅಲೆಕ್ಸಾಂಡ್ರ್ ಗಾಲೆಪಿಡೆಸ್. ಗ್ರೀಕ್ ಮೂಲದ ಮನೆತನ, ಜನನ 1929, ಪ್ಯಾರಿಸ್. ಸಿನಿಮಾ ಪಟ್ಟಿಗಳಲ್ಲಿ ಬರೀ 'ಮುಸ್ತಾಶ್', ಅಂದರೆ ಮೀಸೆ. ರೆಕಾರ್ಡಿಂಗ್ ಪಟ್ಟಿಗಳಲ್ಲಿ ಮನೆತನದ ಹೆಸರೂ ಬರುತ್ತದೆ. ಎರಡರಲ್ಲೂ ಹುಡುಕಿ, ಇಲ್ಲದಿದ್ದರೆ ಅರ್ಧ ಜೀವನ ಕೈತಪ್ಪುತ್ತದೆ.

ಎರಡನೇ ಮಹಾಯುದ್ಧದ ನಂತರ ಪ್ಯಾರಿಸ್‌ನ ಸಾಂ-ಜೆರ್ಮಾಂ-ದೆ-ಪ್ರೆ ಬಡಾವಣೆಯ ನೆಲಮಾಳಿಗೆ ಜಾಝ್ ಕ್ಲಬ್‌ಗಳಲ್ಲಿ ಎರಡು ಬಣ: ನ್ಯೂ ಆರ್ಲಿಯನ್ಸ್‌ನ ಹಳೆಯ ಶೈಲಿಯವರು, ಹೊಸ ಜಾಝ್ ಶೈಲಿಯಾದ ಬೀಬಾಪ್‌ನವರು. ಮುಸ್ತಾಶ್ ಹಳೆಯ ಬಣ. ಕ್ಲಾರಿನೆಟ್ ವಾದಕ ಕ್ಲೋದ್ ಲೂತೆರ್ ತಂಡದಲ್ಲಿದ್ದು, 1949ರಲ್ಲಿ ನ್ಯೂ ಆರ್ಲಿಯನ್ಸ್‌ನ ಸ್ಯಾಕ್ಸೊಫೋನ್ ವಾದಕ ಸಿಡ್ನಿ ಬೆಶೆ ಜೊತೆ 'ಲೆಜೊನ್ಯೋ' ಎಂಬ ಕೃತಿ ರೆಕಾರ್ಡ್ ಮಾಡಿದರು.

ಬಣ ಯಾವುದೆಂದು ಕಿವಿಯಲ್ಲಿ ಗುರುತಿಸುವುದೇ ಕಷ್ಟದ ಹೆಜ್ಜೆ. ಡ್ರಮ್ ಗದ್ದಲ ಎಷ್ಟು ಎಂದು ಅಳೆಯಬೇಡಿ. ಲಯ ಎಲ್ಲಿ ಕೂತಿದೆ ನೋಡಿ. ಬೀಬಾಪ್‌ನಲ್ಲಿ ಅದು ರೈಡ್ ಸಿಂಬಲ್ (ಲಯ ಹಿಡಿಯುವ ದೊಡ್ಡ ಕಂಚಿನ ತಟ್ಟೆ) ಮೇಲೆ ಕೂರುತ್ತದೆ. ಕಾಲಲ್ಲಿ ನುಡಿಸುವ ದೊಡ್ಡ ಬಾಸ್ ಡ್ರಮ್ ಆಗಾಗ ಅನಿರೀಕ್ಷಿತವಾಗಿ ಗುದ್ದುತ್ತದೆ. ಈ ಬದಲಾವಣೆಗೆ ಮುಖ್ಯ ಕಾರಣರಾದ ಅಮೆರಿಕದ ಡ್ರಮ್ಮರ್ ಕೆನ್ನಿ ಕ್ಲಾರ್ಕ್ 1956ರಿಂದ ಇದೇ ಪ್ಯಾರಿಸ್‌ನಲ್ಲಿದ್ದರು, ಹಾಗಾಗಿ ಅವರನ್ನೂ ಮುಸ್ತಾಶ್‌ರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಹಳೆಯ ಶೈಲಿಯಲ್ಲಿ ಲಯ ಕೆಳಗಿರುತ್ತದೆ: ಬಾಸ್ ಡ್ರಮ್ ನೆಲ ಹಾಕುತ್ತದೆ, ನಾಲ್ಕು ಎಣಿಕೆಯ ಸುತ್ತಿನಲ್ಲಿ 2 ಮತ್ತು 4ಕ್ಕೆ ಸ್ನೇರ್ (ಮುಂದಿರುವ ಚಿಕ್ಕ ಡ್ರಮ್) ಮೇಲೆ ಪ್ರೆಸ್ ರೋಲ್.

ಪ್ರೆಸ್ ರೋಲ್ ಎಂದರೆ ಕಡ್ಡಿಯನ್ನು ತೊಗಲಿಗೆ ಒತ್ತಿ, ಅದು ತಾನೇ ಹಲವು ಸಲ ಪುಟಿಯುವಂತೆ ಬಿಡುವುದು. ಹೆಚ್ಚು ಒತ್ತಿದರೆ ಸದ್ದು ಸಾಯುತ್ತದೆ, ಕಡಿಮೆಯಾದರೆ ಪುಟಿತಗಳು ಬಿಡಿಬಿಡಿಯಾಗಿ ಕೇಳುತ್ತವೆ. ನ್ಯೂ ಆರ್ಲಿಯನ್ಸ್‌ನ ಡ್ರಮ್ಮರ್ ಬೇಬಿ ಡಾಡ್ಸ್ ಮಾದರಿಯಲ್ಲಿ 2ಕ್ಕೆ ಶುರುವಾದ ರೋಲ್ 3ರವರೆಗೆ ಎಳೆಯುತ್ತದೆ. 3ನ್ನು ದಾಟಿತೋ, ಬಾಸ್ ಸ್ವರ ಕಲಸಿಹೋಗುತ್ತದೆ. ತಾಳ ಹಾಕಿ ರೂಢಿಯಾದ ಕೈ ಸಮಕ್ಕೇ ಬೀಳುವುದರಿಂದ ನಮಗೆ 2-4 ಜಾರುತ್ತದೆ. ಉಪಾಯ: ಹಳೆಯ ರೆಕಾರ್ಡ್‌ಗಳಲ್ಲಿ ಬಾಸ್ ಡ್ರಮ್ ಮಂದ, ಆದ್ದರಿಂದ ಡಬಲ್ ಬಾಸ್ (ನಿಂತು ನುಡಿಸುವ ದೊಡ್ಡ ತಂತಿವಾದ್ಯ) ಸದ್ದನ್ನು ಹಿಡಿದು 1-3 ಎಣಿಸಿ, ನಡುವಿನ ಖಾಲಿ ಜಾಗಕ್ಕೆ ಚಪ್ಪಾಳೆ ಹಾಕಿ.

ನಟನೆ ಬೇಗ ಮುಗಿಸೋಣ. 'ಪ್ಯಾರಿಸ್ ಬ್ಲೂಸ್' (1961), ಡ್ರಮ್ಮರ್ ಪಾತ್ರ. 'ಹೌ ಟು ಸ್ಟೀಲ್ ಎ ಮಿಲಿಯನ್' (1966), ಮ್ಯೂಸಿಯಂ ಕಾವಲುಗಾರ. ಅಲೇನ್ ದೆಲೋನ್ ಜೊತೆ 'ಜೋರೋ' (1975), ಸಾರ್ಜೆಂಟ್ ಗಾರ್ಸಿಯಾ. ದಪ್ಪ ಮೈ, ದಪ್ಪ ಮೀಸೆ. ಪಾತ್ರ ಸಣ್ಣದಾದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

1979ರಲ್ಲಿ ಫ್ರೆಂಚ್ ಗಾಯಕ-ಕವಿ ಜಾರ್ಜ್ ಬ್ರಾಸೆನ್ಸ್ ಹಾಡುಗಳ ಜಾಝ್ ಆಲ್ಬಮ್ ಮಾಡಿದರು. ಗಿಟಾರ್ ಹಿಡಿದದ್ದು ಬ್ರಾಸೆನ್ಸ್ ಅವರೇ. 1987ರಲ್ಲಿ ರಸ್ತೆ ಅಪಘಾತದಲ್ಲಿ ಮುಸ್ತಾಶ್ ನಿಧನ.

ಒಂದು ಎಚ್ಚರಿಕೆ: ಡ್ರಮ್ ಕಲಿಯಲು ಸಿನಿಮಾ ದೃಶ್ಯ ನೋಡಬೇಡಿ. ಸಂಗೀತವನ್ನು ಸಾಮಾನ್ಯವಾಗಿ ಬೇರೆಯಾಗಿಯೇ ರೆಕಾರ್ಡ್ ಮಾಡುತ್ತಾರೆ, ಕೈಗೂ ಸದ್ದಿಗೂ ತಾಳೆಯಾಗಲೇಬೇಕೆಂದಿಲ್ಲ. 1949ರ ರೆಕಾರ್ಡ್‌ಗೇ ಹೋಗಿ.