ಮೇಜು ಎಷ್ಟು ತಗ್ಗಬಲ್ಲದು?

‘ಸ್ಟ್ಯಾಂಡಿಂಗ್ ಡೆಸ್ಕ್’ ಎಂಬ ಹೆಸರೇ ಕೊಳ್ಳುವವರ ದಾರಿ ತಪ್ಪಿಸುತ್ತದೆ. ಗುಂಡಿ ಒತ್ತಿದರೆ ಮೋಟಾರಿನ ಬಲದಿಂದ ಏರಿಳಿಯುವ ಈ ಮೇಜು 2020ರ ಮಾರ್ಚ್ ತಿಂಗಳಿಂದೀಚೆಗೆ ಮನೆಯ ಮೂಲೆಯನ್ನೇ ಕಚೇರಿ ಮಾಡಿಕೊಂಡವರ ಆಸೆಪಟ್ಟಿಯಲ್ಲಿ ಸೇರಿಕೊಂಡಿದೆ. ಹೆಸರಿನಲ್ಲೇ ನಿಲ್ಲುವ ಮಾತು ಇರುವುದರಿಂದ ಅಂಗಡಿಗೆ ಹೋದವರು ಅದು ಎಷ್ಟು ಎತ್ತರಕ್ಕೆ ಏರುತ್ತದೆಂದು ಮೊದಲು ವಿಚಾರಿಸುತ್ತಾರೆ. ಆದರೆ ಎಷ್ಟೇ ನಿಂತು ದುಡಿಯುವವರೂ ದಿನದ ಹೆಚ್ಚಿನ ಹೊತ್ತು ಆ ಮೇಜಿನ ಮುಂದೆ ಕುಳಿತೇ ಇರುತ್ತಾರೆ. ಆದ್ದರಿಂದ, ಅದರಲ್ಲೂ ನಮ್ಮ ಮೈಕಟ್ಟಿನವರು, ಮೊದಲು ಕೇಳಬೇಕಾದದ್ದು ಅದು ಎಷ್ಟು ಕೆಳಕ್ಕೆ ಇಳಿಯುತ್ತದೆ ಎಂದು.

ಇದರ ಹಿಂದಿನ ಲೆಕ್ಕ ಸರಳವಾಗಿದೆ. ಬೆರಳಚ್ಚು ಮಾಡುವಾಗ ಭುಜಗಳು ಸಡಿಲವಾಗಿ ಇಳಿಬಿದ್ದು, ಮೊಣಕೈ ಸುಮಾರು ಲಂಬಕೋನದಲ್ಲಿ ಮಡಿಸಿ, ಮುಂಗೈ ನೆಲಕ್ಕೆ ಸಮಾನಾಂತರವಾಗಿದ್ದರೆ ಸ್ನಾಯುಗಳಿಗೆ ಶ್ರಮ ಕಡಿಮೆ. ಹಾಗಿರಲು ಕೀಲಿಮಣೆಯ ಮೇಲ್ಮೈ ಮೊಣಕೈಯ ಮಟ್ಟದಲ್ಲಿರಬೇಕು. ನಿಂತಾಗ ನೆಲದಿಂದ ಮೊಣಕೈವರೆಗಿನ ಎತ್ತರ ದೇಹದ ಒಟ್ಟು ಎತ್ತರದ ಸುಮಾರು ಶೇಕಡಾ 63ರಷ್ಟಿದ್ದರೆ, ಪಾದಗಳನ್ನು ನೆಲಕ್ಕೆ ಪೂರ್ತಿಯಾಗಿ ಊರಿ ಕುಳಿತಾಗ ಅದು ಶೇಕಡಾ 39ರ ಆಸುಪಾಸಿನಲ್ಲಿರುತ್ತದೆ. ಭಾರತದ ವಯಸ್ಕ ಮಹಿಳೆಯರ ಸರಾಸರಿ ಎತ್ತರ ಸುಮಾರು 152 ಸೆಂ.ಮೀ., ಪುರುಷರದು 165 ಸೆಂ.ಮೀ. ಎಂದಿಟ್ಟುಕೊಂಡರೆ ಕುಳಿತಾಗ ಬೇಕಾಗುವ ಎತ್ತರ ಕ್ರಮವಾಗಿ 59 ಮತ್ತು 64 ಸೆಂ.ಮೀ. ಎಂದಾಯಿತು, ಕೀಲಿಮಣೆಯ ದಪ್ಪವನ್ನು ಕಳೆದರೆ ಇನ್ನೂ ಒಂದೆರಡು ಸೆಂ.ಮೀ. ಕಡಿಮೆ. ನಮ್ಮ ಬಡಗಿಗಳು ತಲೆಮಾರುಗಳಿಂದ ಮಾಡಿಕೊಡುತ್ತ ಬಂದಿರುವ ಎರಡೂವರೆ ಅಡಿಯ, ಅಂದರೆ ಸುಮಾರು 75 ಸೆಂ.ಮೀ. ಎತ್ತರದ ಮೇಜು ಆರಡಿ ಎತ್ತರದವರಿಗೂ ಕೊಂಚ ಹೆಚ್ಚೇ. ಪಾಶ್ಚಾತ್ಯ ಕೋಷ್ಟಕಗಳಲ್ಲಿ ಬೂಟಿನ ಹಿಮ್ಮಡಿಗೆಂದು ಎರಡು ಮೂರು ಸೆಂ.ಮೀ. ಸೇರಿಸಿರುತ್ತಾರೆ, ಚಪ್ಪಲಿಯನ್ನು ಹೊಸಿಲಾಚೆ ಬಿಟ್ಟು ಬರುವ ನಮ್ಮ ಮನೆಗಳಲ್ಲಿ ಆ ರಿಯಾಯಿತಿಯೂ ಇಲ್ಲ.

ನಾನು 163 ಸೆಂ.ಮೀ. ಎತ್ತರದವನು. ಮೊದಲ ಸಲ ಕೊಂಡ ವಿದ್ಯುತ್ ಮೇಜು 118 ಸೆಂ.ಮೀ.ವರೆಗೆ ಏರುತ್ತಿತ್ತು, ಆದರೆ 72ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ನನಗೆ ಬೇಕಾಗಿದ್ದುದು 62. ಹತ್ತು ಸೆಂ.ಮೀ. ಅಂತರವನ್ನು ಸರಿದೂಗಿಸಲು ಕುರ್ಚಿಯನ್ನು ಎತ್ತರಿಸಿದರೆ ಕಾಲುಗಳು ಜೋತಾಡುತ್ತಿದ್ದವು, ಕುರ್ಚಿಯನ್ನು ತಗ್ಗಿಸಿದರೆ ಭುಜಗಳು ಕಿವಿಯತ್ತ ಏರುತ್ತಿದ್ದವು. ಕೊನೆಗೆ ಹಳೆಯ ದಿನಪತ್ರಿಕೆಗಳ ಕಟ್ಟನ್ನು ಕಾಲಡಿಗೆ ಇಟ್ಟುಕೊಂಡು ಎರಡು ವರ್ಷ ದೂಡಿದೆ. ಅಷ್ಟು ಹಣ ಕೊಟ್ಟು ತಂದ ಯಂತ್ರ ನನ್ನ ಅಳತೆಗೆ ಹೊಂದದೆ, ನಾನೇ ಅದರ ಅಳತೆಗೆ ಹೊಂದಿಕೊಂಡದ್ದು ವಿಚಿತ್ರ.

ಈ ಕೆಳಮಿತಿಯನ್ನು ನಿರ್ಧರಿಸುವುದು ಕಾಲಿನ ರಚನೆ. ಮೇಜಿನ ಕಾಲು ಒಂದರೊಳಗೊಂದು ಜಾರುವ ಉಕ್ಕಿನ ಕೊಳವೆಗಳಿಂದಾಗಿದ್ದು, ಹಳೆಯ ಟ್ರಾನ್ಸಿಸ್ಟರ್ ರೇಡಿಯೊದ ಏರಿಯಲ್ಲಿನಂತೆ ಉದ್ದವಾಗುತ್ತದೆ. ಎರಡೇ ಕೊಳವೆಗಳಿದ್ದರೆ ಮಡಿಸಿದಾಗಿನ ಉದ್ದದಷ್ಟೂ ಅದು ಬೆಳೆಯಲಾರದು, ಏಕೆಂದರೆ ಪೂರ್ತಿ ಚಾಚಿದಾಗಲೂ ಒಳಕೊಳವೆಯ ಗಣನೀಯ ಭಾಗ ಹೊರಕೊಳವೆಯೊಳಗೆ ಸಿಕ್ಕಿಕೊಂಡೇ ಇರಬೇಕಾಗುತ್ತದೆ. ಹಾಗಾಗಿ ಸಾಕಷ್ಟು ಎತ್ತರ ಬೇಕೆಂದರೆ ಕೊಳವೆಗಳೇ ಉದ್ದವಾಗಿರಬೇಕು, ಕೊಳವೆ ಉದ್ದವಾದಷ್ಟೂ ಕೆಳಮಿತಿ ಮೇಲೇರುತ್ತದೆ. ಎರಡು ಹಂತದ ಕಾಲುಗಳ ವ್ಯಾಪ್ತಿ ಸಾಮಾನ್ಯವಾಗಿ 70ರಿಂದ 118 ಸೆಂ.ಮೀ.ವರೆಗೆ ಇದ್ದರೆ, ಮೂರು ಹಂತದ ಕಾಲುಗಳು 60ರ ಆಸುಪಾಸಿನಿಂದ ಹೊರಟು 125ರವರೆಗೆ ಏರುತ್ತವೆ. ವಿವರಪಟ್ಟಿ ಓದುವಾಗ ಇನ್ನೊಂದು ಎಚ್ಚರ ಬೇಕು. ಹಲವು ಮಾರಾಟಗಾರರು ಚೌಕಟ್ಟಿನ ಎತ್ತರವನ್ನಷ್ಟೇ ಹೇಳಿ ಮೇಲಿನ ಹಲಗೆಯ ದಪ್ಪವನ್ನು ಬಿಟ್ಟಿರುತ್ತಾರೆ; 25 ಮಿ.ಮೀ. ಹಲಗೆ ಕೂರಿಸಿದೊಡನೆ 60 ಎಂದಿದ್ದದ್ದು 62.5 ಆಗುತ್ತದೆ.

ಇಷ್ಟಕ್ಕೂ ಏರಿಳಿಯುವ ಮೇಜು ಏಕೆ ಬೇಕು? ಕುಳಿತು ದುಡಿಯುವುದರ ಅಪಾಯದ ಚರ್ಚೆ 1953ರ ಒಂದು ಅಧ್ಯಯನಕ್ಕೆ ಹೋಗಿ ಮುಟ್ಟುತ್ತದೆ. ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿ, ದಿನವಿಡೀ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಕಡಿಮೆಯೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಮೂರು ವರ್ಷಗಳ ನಂತರ ಅದೇ ತಂಡ ಸಮವಸ್ತ್ರದ ಅಳತೆಗಳನ್ನು ನೋಡಿ, ಚಾಲಕರ ಸೊಂಟದ ಸುತ್ತಳತೆಯೂ ಹೆಚ್ಚೆಂದು ತಿಳಿಸಿತು. ಎಂದರೆ ವ್ಯತ್ಯಾಸಕ್ಕೆ ಆಸನವೊಂದೇ ಹೊಣೆಯೆಂದು ಹೇಳುವಂತಿರಲಿಲ್ಲ. ಮೇಜು ಮಾರುವವರು ಈ ಅಧ್ಯಯನವನ್ನು ಉಲ್ಲೇಖಿಸುವಾಗ ಒಂದು ಮಾತನ್ನು ನುಂಗಿಬಿಡುತ್ತಾರೆ. ಆ ನಿರ್ವಾಹಕರು ಸುಮ್ಮನೆ ನಿಂತವರಾಗಿರಲಿಲ್ಲ. ಪ್ರತಿದಿನ ನೂರಾರು ಮೆಟ್ಟಿಲು ಹತ್ತುತ್ತಿದ್ದರು.

ನಿಂತಲ್ಲೇ ನಿಲ್ಲುವುದರ ಫಲ ಬೇರೆಯೇ. ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಏಳು ಸಾವಿರಕ್ಕೂ ಹೆಚ್ಚು ಉದ್ಯೋಗಿಗಳನ್ನು 12 ವರ್ಷ ಅನುಸರಿಸಿದ ಅಧ್ಯಯನವೊಂದು, ಹೆಚ್ಚಾಗಿ ನಿಂತು ಮಾಡುವ ಕೆಲಸಗಳಲ್ಲಿದ್ದವರಿಗೆ ಹೃದ್ರೋಗದ ಸಂಭವ ಕುಳಿತು ದುಡಿಯುವವರ ಸುಮಾರು ಎರಡರಷ್ಟಿರುವುದನ್ನು ಕಂಡುಕೊಂಡಿತು. ಇದಕ್ಕೆ ಒಂದು ಸಂಭವನೀಯ ಕಾರಣ ಕಾಲಿನಲ್ಲಿದೆ. ಅಲುಗಾಡದೆ ನಿಂತವರ ಪಾದದ ಕೀಲಿನ ಬಳಿಯ ಅಭಿಧಮನಿಗಳಲ್ಲಿ ಒತ್ತಡ ಪಾದರಸದ 80ರಿಂದ 90 ಮಿ.ಮೀ. ಮುಟ್ಟುತ್ತದೆ, ಹೃದಯದವರೆಗಿನ ರಕ್ತಸ್ತಂಭದ ಭಾರವೆಲ್ಲ ಅಲ್ಲಿ ಬೀಳುವುದೇ ಇದಕ್ಕೆ ಕಾರಣ. ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುವುದರಿಂದ ಅದೇ ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ದಿನವಿಡೀ ನಿಲ್ಲುವ ಉಪಾಧ್ಯಾಯರು, ಹೋಟೆಲಿನ ಕೆಲಸಗಾರರು, ಸಂಚಾರ ಪೊಲೀಸರು ಕಾಲಿನ ಉಬ್ಬಿದ ನರಗಳ ಬಗ್ಗೆ ದೂರುವುದು ಇದೇ ಕಾರಣಕ್ಕೆ.

ನಿಂತರೆ ತೂಕ ಇಳಿಯುತ್ತದೆ ಎಂಬ ಆಸೆಗೂ ಆಧಾರ ತೆಳ್ಳಗಿದೆ. 46 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯ ಪ್ರಕಾರ ನಿಂತವರು ಕುಳಿತವರಿಗಿಂತ ನಿಮಿಷಕ್ಕೆ 0.15 ಕಿಲೊಕ್ಯಾಲೊರಿ ಹೆಚ್ಚು ವ್ಯಯಿಸುತ್ತಾರೆ. ಆರು ಗಂಟೆ ನಿಂತರೆ 54 ಕಿಲೊಕ್ಯಾಲೊರಿ. ಒಂದು ಇಡ್ಲಿಯ ಲೆಕ್ಕ. ಬೆನ್ನಿನ ವಿಷಯವೂ ಹೀಗೇ ಗೋಜಲು. ಬೆನ್ನುಮೂಳೆಯ ಬಿಲ್ಲೆಗಳ ಮೇಲೆ ಕುಳಿತಾಗ ಶೇಕಡಾ 40ರಷ್ಟು ಹೆಚ್ಚು ಒತ್ತಡ ಬೀಳುತ್ತದೆಂದು ಸ್ವೀಡನ್ನಿನ ವೈದ್ಯ ಆಲ್ಫ್ ನಾಖೆಮ್ಸನ್ ಹೇಳಿದ್ದು ಇಂದಿಗೂ ಜಾಹೀರಾತುಗಳಲ್ಲಿ ಉಳಿದುಕೊಂಡಿದೆ. ಆದರೆ 1999ರಲ್ಲಿ ಜರ್ಮನಿಯ ಹಾನ್ಸ್ ಯೋಆಕಿಮ್ ವಿಲ್ಕೆ ಅವರ ತಂಡ ಸ್ವಯಂಸೇವಕನೊಬ್ಬನ ಬಿಲ್ಲೆಯೊಳಕ್ಕೆ ಸಂವೇದಕವಿಟ್ಟು ಅಳೆದಾಗ ನಿಂತಾಗ 0.5 ಮೆಗಾಪಾಸ್ಕಲ್, ಆರಾಮವಾಗಿ ಕುಳಿತಾಗ 0.46 ಬಂದಿತು. ಒಬ್ಬನೇ ವ್ಯಕ್ತಿಯ ಅಳತೆಯಾದರೂ ಹಳೆಯ ಖಚಿತತೆಯನ್ನು ಅದು ಅಲುಗಿಸಿತು. ಇವೆಲ್ಲವನ್ನೂ ಓದಿದ ಮೇಲೆ ನನಗೆ ಉಳಿದದ್ದು ಇಷ್ಟು: ಈ ಮೇಜು ಭಂಗಿ ಬದಲಿಸುವ ಯಂತ್ರ. ಅರ್ಧ ಗಂಟೆ, ಮುಕ್ಕಾಲು ಗಂಟೆಗೊಮ್ಮೆ ಏಳಲು ಅದು ನೆಪ ಒದಗಿಸಿದರೆ ಸಾರ್ಥಕ. ನಡಿಗೆಗೆ ಬದಲಿಯಾಗಿ ಅದನ್ನು ಕೊಳ್ಳುವವರು ಹಣ ಉಳಿಸಿಕೊಂಡು ನಡೆಯುವುದೇ ಲೇಸು.

ಭಂಗಿ ಬದಲಿಸುವ ಯಂತ್ರವಾದ್ದರಿಂದಲೇ ಮೋಟಾರಿಗೆ ಬೆಲೆ. ಕೈಯಿಂದ ಹಿಡಿಕೆ ತಿರುಗಿಸುವ ಮೇಜುಗಳು ಅಗ್ಗವಾಗಿ ಸಿಗುತ್ತವೆ, ಆದರೆ ದಿನಕ್ಕೆ ಆರೇಳು ಸಲ ಹಿಡಿಕೆ ತಿರುಗಿಸುವ ತಾಳ್ಮೆ ಯಾರಿಗಿದೆ? ವಿದ್ಯುತ್ ಮೇಜಿನ ಕಾಲಿನೊಳಗೆ ಒಂದು ಉದ್ದನೆಯ ತಿರುಪು ಇರುತ್ತದೆ. ಮೋಟಾರು ಗಿಯರುಗಳ ಮೂಲಕ ಅದನ್ನು ತಿರುಗಿಸಿದಾಗ ತಿರುಪಿನ ಮೇಲಿನ ನಟ್ಟು ಕೊಳವೆಯನ್ನು ಎತ್ತುತ್ತದೆ. ಪಂಕ್ಚರ್ ಆದ ಕಾರನ್ನು ಎತ್ತಲು ಬಳಸುವ ತಿರುಪಿನ ಜ್ಯಾಕಿನ ತತ್ತ್ವವೇ ಇದು. ತಿರುಪಿನ ಏಣುಗಳ ಓರೆ ಬಹಳ ಕಡಿಮೆಯಿರುವುದರಿಂದ ಮೇಲಿನಿಂದ ಎಷ್ಟು ಭಾರ ಬಿದ್ದರೂ ಘರ್ಷಣೆ ಅದನ್ನು ಹಿಂದಕ್ಕೆ ತಿರುಗಗೊಡುವುದಿಲ್ಲ. ಹೀಗಾಗಿ ಕರೆಂಟು ಹೋದರೂ ಮೇಜು ಕುಸಿಯದೆ ಇದ್ದಲ್ಲೇ ಇರುತ್ತದೆ, ಎತ್ತರದಲ್ಲಿ ನಿಂತಿರಲು ವಿದ್ಯುತ್ತೂ ಬೇಕಿಲ್ಲ.

ಎತ್ತುವಾಗ ಖರ್ಚಾಗುವ ವಿದ್ಯುತ್ತೂ ನಗಣ್ಯ. 50 ಕಿಲೊಗ್ರಾಂ ಭಾರವನ್ನು 38 ಸೆಂ.ಮೀ. ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲಿ ಬೇಕಾಗುವುದು ಸುಮಾರು 186 ಜೂಲ್. ಗಿಯರು, ತಿರುಪುಗಳ ಘರ್ಷಣೆಯಲ್ಲಿ ಬಹುಪಾಲು ಪೋಲಾಗಿ ಮೋಟಾರು 13 ಸೆಕೆಂಡುಗಳ ಕಾಲ 200 ವ್ಯಾಟ್ ಎಳೆಯುತ್ತದೆ ಎಂದುಕೊಂಡರೂ, ದಿನಕ್ಕೆ ನಾಲ್ಕು ಸಲದಂತೆ ವರ್ಷಕ್ಕೆ ಒಂದು ಯೂನಿಟ್ ಆಸುಪಾಸು. ಆದರೆ ಗುಂಡಿಗಾಗಿ ಕಾಯುತ್ತ ಕುಳಿತ ನಿಯಂತ್ರಣ ಪೆಟ್ಟಿಗೆ ಸದಾ ಅರ್ಧ ವ್ಯಾಟ್ ಬಳಸಿದರೆ ವರ್ಷಕ್ಕೆ ನಾಲ್ಕು ಯೂನಿಟ್ ದಾಟುತ್ತದೆ. ಮೇಜು ಕೆಲಸ ಮಾಡುವುದಕ್ಕಿಂತ ಕಾಯುವುದಕ್ಕೇ ಹೆಚ್ಚು ವಿದ್ಯುತ್ತು ತಿನ್ನುತ್ತದೆ.

ಒಂದೇ ಮೋಟಾರಿನ ಮೇಜುಗಳಲ್ಲಿ ಆರುಮುಖದ ಸರಳೊಂದು ಎರಡನೆಯ ಕಾಲಿಗೆ ಚಲನೆಯನ್ನು ಒಯ್ಯುತ್ತದೆ. ಎರಡು ಮೋಟಾರುಗಳಿದ್ದರೆ ಪ್ರತಿ ಕಾಲಿನ ಮೋಟಾರು ಎಷ್ಟು ಸುತ್ತು ತಿರುಗಿತೆಂಬುದನ್ನು ಅಯಸ್ಕಾಂತದ ಸುಳಿವು ಹಿಡಿಯುವ ‘ಹಾಲ್’ ಸಂವೇದಕಗಳು ಎಣಿಸುತ್ತಿರುತ್ತವೆ, ನಿಯಂತ್ರಣ ಪೆಟ್ಟಿಗೆ ಎರಡನ್ನೂ ಸಮನಾಗಿ ನಡೆಸುತ್ತದೆ. ಎಣಿಕೆ ತಪ್ಪಿದಾಗ ಮೇಜು ಹಟ ಹಿಡಿದು ನಿಲ್ಲುತ್ತದೆ. ಇಳಿಕೆಯ ಗುಂಡಿಯನ್ನು ಒತ್ತಿ ಹಿಡಿದು ತೀರ ಕೆಳಕ್ಕೆ ತಂದರೆ ಬಹುತೇಕ ಮೇಜುಗಳು ಶೂನ್ಯದಿಂದ ಎಣಿಕೆ ಶುರುಮಾಡುತ್ತವೆ. ಮೂರು ಹಂತದ ಕಾಲು, ಎರಡು ಮೋಟಾರು ಸೇರಿದಾಗ ಬೆಲೆ ಏರುವುದು ನಿಜ. ಬೆಲೆ ಕಡಿಮೆ ಮಾಡಲೇಬೇಕೆಂದರೆ ವೇಗ, ಬಣ್ಣದ ತೆರೆ, ಯುಎಸ್‌ಬಿ ಕಿಂಡಿಗಳನ್ನು ಬಿಟ್ಟುಕೊಡಬಹುದು, ಕೆಳಮಿತಿಯನ್ನು ಬಿಟ್ಟುಕೊಡಲಾಗದು.

ಅಂಗಡಿಯಲ್ಲಿ ಪರೀಕ್ಷಿಸಲೇಬೇಕಾದ ಇನ್ನೊಂದು ಗುಣ ಅಲುಗಾಟ. ಒಂದು ತುದಿಯಲ್ಲಿ ಬಿಗಿದ ಕಂಬವನ್ನು ಇನ್ನೊಂದು ತುದಿಯಲ್ಲಿ ತಳ್ಳಿದಾಗ ಅದು ಬಾಗುವ ಪ್ರಮಾಣ ಉದ್ದದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. 70 ಸೆಂ.ಮೀ.ನಲ್ಲಿ ಬಂಡೆಯಂತಿದ್ದ ಮೇಜು 110 ಸೆಂ.ಮೀ.ಗೆ ಏರಿದಾಗ ಅದೇ ತಳ್ಳುವಿಕೆಗೆ ಸುಮಾರು ನಾಲ್ಕು ಪಟ್ಟು ಹೆಚ್ಚು ಬಾಗುವುದು ಇದರಿಂದ. ಕೊಳವೆಗಳ ನಡುವಿನ ಸಡಿಲ ಇದಕ್ಕೆ ಸೇರಿಕೊಳ್ಳುತ್ತದೆ. ಮೂರು ಹಂತದ ಕಾಲುಗಳಲ್ಲಿ ಜೋಡಣೆಗಳು ಹೆಚ್ಚಿರುವುದರಿಂದ ಈ ವಿಷಯದಲ್ಲಿ ಅವು ಕೊಂಚ ಹಿಂದೆ. ಆದ್ದರಿಂದ ಮೇಜನ್ನು ನೀವು ನಿಲ್ಲುವ ಎತ್ತರಕ್ಕೆ ಏರಿಸಿ, ಅಂಚಿಗೆ ಮುಂಗೈ ಊರಿ, ಮುಂದಕ್ಕೆ ಹಿಂದಕ್ಕೆ ತಳ್ಳಿ ನೋಡಿ. ಕುಳಿತ ಎತ್ತರದಲ್ಲಿ ಎಲ್ಲ ಮೇಜುಗಳೂ ಗಟ್ಟಿಯೇ. ಮನೆಯ ನೆಲ ಹಳೆಯ ಕಾಲದ ರೆಡ್‌ಆಕ್ಸೈಡಿನದಾಗಿದ್ದು ಅಲ್ಲಲ್ಲಿ ಏರುತಗ್ಗಿದ್ದರೆ ಪಾದಗಳಲ್ಲಿ ಮಟ್ಟ ಸರಿಪಡಿಸುವ ತಿರುಪುಗಳಿರಬೇಕು.

ಹಲಗೆಯನ್ನು ಕಂಪನಿಯಿಂದಲೇ ಕೊಳ್ಳಬೇಕಿಲ್ಲ. ಚೌಕಟ್ಟನ್ನಷ್ಟೇ ತರಿಸಿ, ಬಡಗಿಯಿಂದ 25 ಮಿ.ಮೀ. ಪ್ಲೈವುಡ್ ಅಥವಾ ರಬ್ಬರ್ ಮರದ ಹಲಗೆ ಕೂರಿಸಿಕೊಳ್ಳುವುದು ನನ್ನ ಮೆಚ್ಚಿನ ದಾರಿ. ಐದಡಿಗೆ ಎರಡೂವರೆ ಅಡಿಯ ಅಂಥ ಹಲಗೆ 20 ಕಿಲೊಗ್ರಾಂ ಒಳಗೇ ಇರುತ್ತದೆ. ಮನೆ ಕಟ್ಟಿದಾಗ ಉಳಿದ ಗ್ರಾನೈಟ್ ಚಪ್ಪಡಿ ಇದೆಯಲ್ಲ ಎಂಬ ಯೋಚನೆ ನಮ್ಮ ರಾಜ್ಯದಲ್ಲಿ ಯಾರಿಗಾದರೂ ಬಂದೀತು. ಅದೇ ಅಳತೆಯ 20 ಮಿ.ಮೀ. ಗ್ರಾನೈಟ್ 60 ಕಿಲೊಗ್ರಾಂ ತೂಗುತ್ತದೆ, ತಿರುಪು ಹಿಡಿಯುವುದೂ ಕಷ್ಟ. ಜಾಹೀರಾತಿನಲ್ಲಿ ಹೇಳುವ ಭಾರಸಾಮರ್ಥ್ಯ ಎತ್ತುವಾಗಿನದೋ, ನಿಂತಾಗಿನದೋ ಎಂದು ವಿಚಾರಿಸಿ, ಅದರಿಂದ ಹಲಗೆಯ ತೂಕವನ್ನು ಕಳೆದೇ ಲೆಕ್ಕ ಹಾಕಬೇಕು.

ಮೇಜು ಚಲಿಸುವುದರಿಂದ ತಂತಿಗಳೂ ಚಲಿಸುತ್ತವೆ. ಎಕ್ಸ್‌ಟೆನ್ಶನ್ ಬೋರ್ಡನ್ನು ಹಲಗೆಯ ತಳಕ್ಕೇ ಬಿಗಿದರೆ ಗೋಡೆಗೆ ಹೋಗುವ ವಿದ್ಯುತ್ ತಂತಿ ಒಂದೇ ಆಗುತ್ತದೆ, ಅದಕ್ಕೊಂದಕ್ಕೆ ಸಾಕಷ್ಟು ಸಡಿಲ ಬಿಟ್ಟರಾಯಿತು. ಲೋಹದ ಚೌಕಟ್ಟಾದ್ದರಿಂದ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟೇ ಆಗಬೇಕು. ಅಡ್ಡ ಬಂದ ವಸ್ತುವಿಗೆ ತಾಗಿ ಹಿಂದೆ ಸರಿಯುವ ಸುರಕ್ಷತಾ ವ್ಯವಸ್ಥೆ ಸಾಮಾನ್ಯವಾಗಿ ಮೋಟಾರು ಎಳೆಯುವ ವಿದ್ಯುತ್ತು ಹಠಾತ್ತನೆ ಏರುವುದನ್ನು ಗುರುತಿಸಿ ಕೆಲಸ ಮಾಡುತ್ತದೆ. ಗಟ್ಟಿ ಸ್ಟೂಲನ್ನು ಅದು ಬೇಗ ಗುರುತಿಸುತ್ತದೆ, ಮೆತ್ತನೆಯ ಅಡೆತಡೆಯನ್ನು ತಡವಾಗಿ. ಮಗುವಿನ ಕೈ ಎರಡನೆಯ ಗುಂಪಿಗೆ ಸೇರಿದ್ದು. ಗುಂಡಿಗಳಿಗೆ ಬೀಗ ಹಾಕುವ ಸೌಲಭ್ಯವಿಲ್ಲದ ಮೇಜನ್ನು ಮಕ್ಕಳಿರುವ ಮನೆಗೆ ತರಬಾರದು.

ಲ್ಯಾಪ್‌ಟಾಪಿನಲ್ಲೇ ಕೆಲಸ ಮಾಡುವವರಿಗೆ ಎಂಥ ಮೇಜೂ ಅರ್ಧ ಪರಿಹಾರವಷ್ಟೆ. ಕೀಲಿಮಣೆ ಮೊಣಕೈ ಮಟ್ಟದಲ್ಲಿರಬೇಕು, ತೆರೆಯ ಮೇಲಂಚು ಕಣ್ಣಿನ ಮಟ್ಟದ ಹತ್ತಿರ ಇರಬೇಕು. ಎರಡೂ ಒಂದಕ್ಕೊಂದು ಅಂಟಿಕೊಂಡಿರುವಾಗ ಕೈಗೆ ಸರಿಹೊಂದಿಸಿದರೆ ಕುತ್ತಿಗೆ ಬಾಗುತ್ತದೆ. ಪ್ರತ್ಯೇಕ ಕೀಲಿಮಣೆಯೊಂದನ್ನು ತಂದು ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲೆ ಏರಿಸುವುದು ಮೇಜಿಗಿಂತ ಮೊದಲೇ ಮಾಡಬಹುದಾದ ಕೆಲಸ.

ಈಗ ನನ್ನ ಬಳಿಯಿರುವ ಎರಡನೆಯ ಮೇಜಿಗೆ ಎತ್ತರ ನೆನಪಿಟ್ಟುಕೊಳ್ಳುವ ಮೂರು ಗುಂಡಿಗಳಿವೆ. ಮೊದಲನೆಯದರಲ್ಲಿ 62, ಎರಡನೆಯದರಲ್ಲಿ 101 ಇದೆ. ಮೂರನೆಯದನ್ನು ಹನ್ನೊಂದು ವರ್ಷದ ಮಗಳು ತನಗೆ ಬೇಕೆಂದಳು. ಟೇಪು ಹಿಡಿದು ಅಳೆದರೆ 54 ಬಂದಿತು, ಮೇಜು 60ಕ್ಕೆ ಇಳಿದು ನಿಂತುಬಿಟ್ಟಿತು. ಹಳೆಯ ದಿನಪತ್ರಿಕೆಗಳ ಆ ಕಟ್ಟು ಈಗ ಅವಳ ಕಾಲಡಿಯಲ್ಲಿದೆ.