ಚಿಕೂನ್‌ಗುನ್ಯಾ ಬಿಟ್ಟರೂ ಕೀಲುನೋವು ಬಿಡುವುದಿಲ್ಲ, ಯಾಕೆ?

ಪ್ರಶ್ನೆ: ಜ್ವರ ಬಿಟ್ಟು ಎರಡು ತಿಂಗಳಾಯಿತು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುವುದಿಲ್ಲ, ಕಾಲು ನೆಲಕ್ಕೆ ಊರಲು ಆಗುವುದಿಲ್ಲ. ವೈರಸ್ ಇನ್ನೂ ಮೈಯಲ್ಲಿದೆಯೇ? ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕೇ?

ಉತ್ತರ: ರಕ್ತದಲ್ಲಿದ್ದ ವೈರಸ್ ಸಾಮಾನ್ಯವಾಗಿ ಮೊದಲ ವಾರ ಕಳೆಯುವ ಹೊತ್ತಿಗೇ ಹೋಗಿರುತ್ತದೆ. ಈಗ ನೋಯಿಸುತ್ತಿರುವುದು ಕೀಲಿನ ಒಳಪೊರೆಯ ಉರಿಯೂತ. ಅಲ್ಲಿ ಉಳಿದ ವೈರಸ್ಸಿನ ಚೂರುಗಳ ಮೇಲೆ ದೇಹದ ರೋಗನಿರೋಧಕ ಕಣಗಳು ಇನ್ನೂ ಹೋರಾಡುತ್ತಿರುತ್ತವೆ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಮಣಿಕಟ್ಟು, ಬೆರಳು, ಹಿಮ್ಮಡಿಗಂಟುಗಳಿಗೆ ಪೆಟ್ಟು ಹೆಚ್ಚು. 2006ರಲ್ಲಿ ಈ ಜ್ವರ ಕರ್ನಾಟಕದಲ್ಲಿ ಹರಡಿದಾಗಲೂ ಜನ ತಿಂಗಳುಗಟ್ಟಲೆ ಕುಂಟಿದ್ದು ಇದರಿಂದಲೇ.

ಇತ್ತೀಚೆಗೆ ಸೋಂಕು ತಗುಲಿದೆಯೇ ಎಂದು ರಕ್ತದಲ್ಲಿ ನೋಡುವ ಐಜಿಎಂ ಪರೀಕ್ಷೆ ಮತ್ತೆ ಮಾಡಿಸಬೇಡಿ. ಅದು ಕೆಲವು ತಿಂಗಳು ಪಾಸಿಟಿವ್ ಆಗಿಯೇ ಇರಬಹುದು. ಹೊಸದಾಗಿ ಏನನ್ನೂ ತಿಳಿಸುವುದಿಲ್ಲ.

ಎದ್ದ ಕೂಡಲೇ ಕೈಗಳನ್ನು 10 ನಿಮಿಷ ಬಿಸಿನೀರಿನಲ್ಲಿಡಿ. ನೀರು ಸುಡಬಾರದು, ಹಿತವಾಗಿರಬೇಕು. ನೀರಿನಲ್ಲೇ ಮುಷ್ಟಿ ಕಟ್ಟಿ ಬಿಡಿಸಿ, ಮಣಿಕಟ್ಟು ತಿರುಗಿಸಿ, ಒಂದೊಂದೂ 10 ಸಲ. ಹಿಮ್ಮಡಿಗಂಟನ್ನು ಹಾಸಿಗೆಯಲ್ಲೇ ಮೇಲೆ ಕೆಳಗೆ ಆಡಿಸಿ, ಆಮೇಲೆ ಇಳಿಯಿರಿ. ದಿನಕ್ಕೆ ಎರಡು ಮೂರು ಬಾರಿ ಸಾಕು. ವ್ಯಾಯಾಮ ಮುಗಿದ ಎರಡು ಗಂಟೆಯ ಮೇಲೂ ನೋವು ಮೊದಲಿಗಿಂತ ಹೆಚ್ಚಿದ್ದರೆ ಮಾಡಿದ್ದು ಜಾಸ್ತಿಯಾಯಿತು, ಮರುದಿನ ಅರ್ಧಕ್ಕಿಳಿಸಿ. ಊದಿ ಬಿಸಿಯಾದ ಕೀಲಿಗೆ ಶಾಖ ಬೇಡ. ಐಸನ್ನು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಇಡಿ. ನೋವೆಂದು ಪೂರ್ತಿ ಮಲಗಿಬಿಟ್ಟರೆ ಕೀಲು ಇನ್ನಷ್ಟು ಬಿಗಿಯುತ್ತದೆ.

ನೋವಿಗೆ ಪ್ಯಾರಾಸಿಟಮಾಲ್ 650 ಮಿ.ಗ್ರಾಂ., ಎರಡು ಮಾತ್ರೆಗಳ ನಡುವೆ 6 ಗಂಟೆ, ದಿನಕ್ಕೆ ನಾಲ್ಕು ಮೀರಬಾರದು. ಲಿವರ್ ತೊಂದರೆ ಅಥವಾ ಕುಡಿತದ ಅಭ್ಯಾಸವಿದ್ದರೆ ಮೊದಲು ವೈದ್ಯರನ್ನು ಕೇಳಿ. ಡೈಕ್ಲೋಫಿನಾಕ್‌ನಂಥ ಮಾತ್ರೆಗಳನ್ನು ಜ್ವರದ ದಿನಗಳಲ್ಲಿ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಕೊಡುವುದಿಲ್ಲ, ರಕ್ತಸ್ರಾವದ ಭಯ. ಈಗ ಕೊಡಬಹುದು. ಆದರೆ ಕಿಡ್ನಿ, ಹೃದಯ ಅಥವಾ ಹೊಟ್ಟೆಹುಣ್ಣಿನ ತೊಂದರೆ ಇರುವವರಿಗೆ ಇವು ಅಪಾಯ.

ನಮಗೆ ಹೆಚ್ಚು ಆತಂಕವಿರುವುದು ಸ್ಟೀರಾಯ್ಡ್ ಬಗ್ಗೆ. ಚೀಟಿಯಿಲ್ಲದೆ ಪೊಟ್ಟಣ ಕಟ್ಟಿಕೊಟ್ಟ ಮಾತ್ರೆ ನುಂಗಿ ಎರಡೇ ದಿನದಲ್ಲಿ ಓಡಾಡುವಂತಾದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು. ನಿಲ್ಲಿಸಿದೊಡನೆ ನೋವು ಮರಳುತ್ತದೆ, ಸಕ್ಕರೆ ಕಾಯಿಲೆಯವರಿಗೆ ಶುಗರ್ ಏರುತ್ತದೆ. ವಾರಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ. ಪೊಟ್ಟಣ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.

ಒಂದೇ ಕೀಲು ಕೆಂಪಾಗಿ ಊದಿ ಮತ್ತೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕೀವು ತುಂಬಿರಬಹುದು. ರಾತ್ರಿ ಬೆರಳು ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು, ಅದನ್ನೂ ತೋರಿಸಿ. ಮೂರು ತಿಂಗಳಾದರೂ ಊತ ಇಳಿಯದಿದ್ದರೆ ಸಂಧಿವಾತ ತಜ್ಞರನ್ನೇ ಕಾಣಬೇಕು. ಅವರು ಆಂಟಿ-ಸಿಸಿಪಿ (ರುಮಟಾಯ್ಡ್ ಸಂಧಿವಾತವೇ ಎಂದು ನೋಡುವ ರಕ್ತ ಪರೀಕ್ಷೆ) ಮಾಡಿಸಿ, ಅಗತ್ಯವೆನಿಸಿದರೆ ಉರಿಯೂತ ತಗ್ಗಿಸುವ ಮೆಥೊಟ್ರೆಕ್ಸೇಟ್ ಕೊಡಬಹುದು. ಅದು ವಾರಕ್ಕೊಮ್ಮೆ ನುಂಗುವ ಮಾತ್ರೆ. ಮರೆತು ದಿನಾ ನುಂಗಿದರೆ ಜೀವಕ್ಕೇ ಕುತ್ತು. ವಾರದ ಯಾವ ದಿನ ನುಂಗಬೇಕು ಎಂಬುದನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.